ಗದ್ದಲ ಏರಿದಷ್ಟೂ ಇಳಿಯುತ್ತಿದ್ದ ಅಂಜಿಕೆ

ಡಾಕ್ಟರು ನನ್ನ ಕಣ್ಣಿಗೆ ಹೆಡ್‌ಸೆಟ್ ಕಟ್ಟಿ ಮೊದಲು ನಿಲ್ಲಿಸಿದ್ದು ಒಂದು ಪರದೇಶದ ಪಾರ್ಟಿಯೊಳಗೆ. ಎತ್ತರದ ಛತ್ತು, ತೂಗುದೀಪ, ಕೈಯಲ್ಲಿ ಗ್ಲಾಸು ಹಿಡಿದ ಹೆಂಗಸರು, ಗಂಡಸರು. ಕುತ್ತಿಗೆ ಹೊರಳಿಸಿದ ಕಡೆಯೆಲ್ಲ ಅವರೇ. ಒಬ್ಬ ಹತ್ತಿರ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿ, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಅವನ ಕೋಟಿನ ಬಟ್ಟೆ ಎಂಥದ್ದು ಅಂತ ನೋಡುತ್ತಿದ್ದೆ. ನಮ್ಮ ಇಚಲಕರಂಜಿ ನೇಕಾರರ ಊರು, ಅಲ್ಲಿಯವರಿಗೆ ಬಟ್ಟೆ ಕಂಡರೆ ಬೇರೆ ಏನೂ ಕಾಣುವುದಿಲ್ಲ.

"ಅಂಜಿಕಿ ಬಂತೇನ್ರಿ?" ಡಾಕ್ಟರು ಕೇಳಿದರು.

"ಯಾಕ ಬರಬೇಕ್ರಿ? ಇವ್ರು ಯಾರೂ ನಾಳೆ ನನಗ ಬಜಾರದಾಗ ಸಿಗೂದಿಲ್ಲ."

"ನನ್ನ ಪೇಶಂಟರೂ ಹಂಗ ಅಂತಾರ. ಭಾಳ ಛಂದ ಐತ್ರಿ ಅಂತ ನೋಡಿ, ಅಂಜಿಕಿ ಹೆಂಗ ತಂದಿದ್ರು ಹಂಗ ವಾಪಸ್ ಒಯ್ತಾರ."

ಡಾಕ್ಟರಿಗೆ ಕೊಲ್ಹಾಪುರದಲ್ಲಿ ಮನೋರೋಗದ ಆಸ್ಪತ್ರೆ. ವಾರಕ್ಕೊಂದು ದಿನ ತಮ್ಮೂರು ಗಡಹಿಂಗ್ಲಜದಲ್ಲಿ ಕೂತು ರೋಗಿಗಳನ್ನು ನೋಡುತ್ತಾರೆ. ಅವರಲ್ಲಿ ಕೆಲವರಿಗೆ ಇರುವುದು ಜನರ ಅಂಜಿಕೆ. ಮನೆಯವರು ಅದನ್ನು ನಾಚಿಕೆ ಅಂತ ಕರೆದು ನಕ್ಕುಬಿಟ್ಟಿರುತ್ತಾರೆ. ಬ್ಯಾಂಕಿನ ಕೌಂಟರಿನ ಮುಂದೆ ಬೆವೆತು, ಹೇಳಬೇಕಾದ ಮಾತು ಮರೆತು, ಕೆಲಸ ಅಲ್ಲೇ ಬಿಟ್ಟು ಓಡಿ ಬರುವುದು ನಾಚಿಕೆಯಲ್ಲ. ಅದಕ್ಕೆ ಮದ್ದೆಂದರೆ ಅಂಜಿಕೆಯ ಎದುರು ಸ್ವಲ್ಪಸ್ವಲ್ಪವೇ ನಿಲ್ಲುವುದು, ಅದು ತಾನಾಗಿ ಇಳಿಯುವ ತನಕ ಕಾಲು ಕೀಳದೆ ಇರುವುದು. ಆಸ್ಪತ್ರೆಯೊಳಗೆ ಬ್ಯಾಂಕು, ಬಸ್‌ಸ್ಟ್ಯಾಂಡು ತಂದಿಡಲು ಆಗುವುದಿಲ್ಲವಲ್ಲ, ಅದಕ್ಕೇ ಈ ವರ್ಚುವಲ್ ರಿಯಾಲಿಟಿ. ನಾನು ಸುತ್ತಲೂ ನೋಡುವ ಕ್ಯಾಮೆರಾದಿಂದ ಮದುವೆ ಹಾಲುಗಳನ್ನೂ ಬಿಲ್ಡರುಗಳ ಫ್ಲ್ಯಾಟುಗಳನ್ನೂ ಶೂಟ್ ಮಾಡುವವಳು. ಗಿರಾಕಿ ಮನೆಯಲ್ಲೇ ಕೂತು ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ತಿರುಗಿ ನೋಡಬಹುದು. ಅಂಥದೊಂದನ್ನು ನೋಡಿಯೇ ಡಾಕ್ಟರು ಕರೆದಿದ್ದರು. ನಮ್ಮ ಕಡೆಯ ಜನ, ನಮ್ಮ ಕಡೆಯ ಜಾಗ ಬೇಕು ಅಂದರು.

ಹೊಸ ತರಹದ ಕೆಲಸ ಹಿಡಿದು ಯಾರೇ ಬಂದರೂ ನಿಮಗೆ ಏನು ಬೇಕು ಅಂತ ಮೊದಲು ಕೇಳಬೇಡಿ. ಕೆಟ್ಟರೆ ಏನಾಗುತ್ತದೆ ಅಂತ ಕೇಳಿ. ನಾನು ಕೇಳಿದೆ. ಫ್ಲ್ಯಾಟಿನ ವಿಡಿಯೋ ಕೆಟ್ಟರೆ ಗಿರಾಕಿ ಬೈಯುತ್ತಾನೆ, ಇದು ಕೆಟ್ಟರೆ?

"ಪೇಶಂಟ್ ಮತ್ತ ನನ್ನ ಬಾಗಲಾ ಬಡಿಯೂದಿಲ್ಲ," ಅಂದರು ಡಾಕ್ಟರು. "ಯಾರ ಬಾಗಲಾನೂ ಬಡಿಯೂದಿಲ್ಲ."

ನಾವು ಮಾಡಿದ್ದು ಒಂದು ನಿಚ್ಚಣಿಕೆ. ಕೆಳಗಿನ ಮೆಟ್ಟಿಲಲ್ಲಿ ಶಾಂತವಾದ ಕೋಣೆ, ಎದುರಿಗೆ ಒಬ್ಬನೇ ಮನುಷ್ಯ, ಚಹಾ ಕುಡಿಯುತ್ತ ಊರು ಕೇರಿ ವಿಚಾರಿಸುತ್ತಾನೆ. ಅದರ ಮೇಲೆ ಕಿರಾಣಿ ಅಂಗಡಿ, ಅದರ ಮೇಲೆ ಬ್ಯಾಂಕಿನ ಸರದಿ. ತುದಿಯಲ್ಲಿ ಕೊಲ್ಹಾಪುರದ ಬಸ್‌ಸ್ಟ್ಯಾಂಡು: ನೂಕುನುಗ್ಗಲು, ಧ್ವನಿವರ್ಧಕ, ಕಂಡಕ್ಟರುಗಳ ಕೂಗು, ಮೈಮೇಲೆ ಬಂದು ದಾರಿ ಕೇಳುವವರು. ಮೇಲೆ ಹೋದಂತೆ ಜನ ಹೆಚ್ಚು, ಗದ್ದಲ ಹೆಚ್ಚು. ಇದರಲ್ಲಿ ತಪ್ಪೇನಿದೆ ಅಂತ ನಿಮಗೂ ಅನಿಸುವುದಿಲ್ಲ, ನಮಗೂ ಅನಿಸಲಿಲ್ಲ.

ಕ್ಯಾಮೆರಾ ರೋಗಿಯ ಕಣ್ಣಿನ ಎತ್ತರದಲ್ಲೇ ನಿಲ್ಲಬೇಕು. ಒಂದು ಗೇಣು ಮೇಲೆ ಹೋದರೂ ನೋಡುವವನು ಸಾಹೇಬನಾಗುತ್ತಾನೆ, ಕೆಳಗೆ ಬಂದರೆ ಕೂಸು. ಜನ ತೀರ ಹತ್ತಿರ ಬಂದರೆ ಎರಡು ಲೆನ್ಸಿನ ಚಿತ್ರ ಕೂಡುವಲ್ಲಿ ಮುಖ ಸೀಳಿ, ಮೂಗು ಒಂದು ಕಡೆ ಗಲ್ಲ ಒಂದು ಕಡೆ. ಆ ಕೂಡಿಸುವ ಕೆಲಸ, ಧ್ವನಿಯ ಕೆಲಸ, ರೋಗಿಯ ಬೆರಳಿಗೆ ಹಾಕಿ ನಾಡಿ ಎಣಿಸುವ ಚಿಮಟಿಗೆಯ ಕೆಲಸ ಎಲ್ಲ ಕೊಲ್ಹಾಪುರದ ಒಬ್ಬ ಎಂಜಿನಿಯರನದು. ನನ್ನ ಪಾಲಿಗೆ ಬಂದ ತಲೆನೋವು ನಟರದು. ಕ್ಯಾಮೆರಾ ನೋಡ್ರಿ ಅಂದರೆ ಸಾಕು, ನಮ್ಮ ಮಂದಿಗೆ ಮದುವೆ ಫೋಟೋದ ನಗು ಬಂದುಬಿಡುತ್ತದೆ. ನಕ್ಕವರಿಗೆ ಯಾರು ಅಂಜುತ್ತಾರೆ? ಕೊನೆಗೆ ನಾನು, "ಈ ಕ್ಯಾಮೆರಾ ಅಂದ್ರ ಉಟ್ಟ ಸೀರಿ ವಾಪಸ್ ಮಾಡಾಕ ಬಂದ ಗಿರಾಕಿ ಅಂತ ತಿಳ್ಕೋರಿ," ಅಂದೆ. ಎಲ್ಲರ ಕಣ್ಣಲ್ಲಿ ತಕ್ಷಣ ಬೇಕಾದ ಸಂಶಯ ಬಂತು.

ಅಂಜಿಕೆಗೆ ಅಂಕ ಕೊಡುವ ಪದ್ಧತಿಯೂ ಒಂದಿತ್ತು. ರೋಗಿ ನೂರಕ್ಕೆ ಎಷ್ಟು ಅಂತ ಹೇಳಬೇಕು. ಗಡಹಿಂಗ್ಲಜದಲ್ಲಿ ಮೊದಲ ದಿನವೇ ಒಬ್ಬ ರೋಗಿ ಕೇಳಿದ, "ಎಷ್ಟ ಹೇಳ್ಲಿರಿ?"

"ನಿಮಗ ಎಷ್ಟ ಅನಿಸ್ತೈತಿ ಅಷ್ಟ ಹೇಳ್ರಿ."

"ಬ್ಯಾರೆಯವ್ರು ಎಷ್ಟ ಹೇಳ್ಯಾರ್ರಿ?"

ನನಗೆ ಇದು ಗೊತ್ತಿದ್ದ ಭಾಷೆ. ನಮ್ಮ ಬಜಾರಿನಲ್ಲಿ ಮೊದಲ ದರವನ್ನು ಯಾರೂ ತಾವಾಗಿ ಬಾಯಿ ಬಿಡುವುದಿಲ್ಲ. ಅಂಕ ಬೇಡ, ಅಂಜಿಕೆ ಮಹಾಪೂರದ ನೀರಿನ ಹಾಗೆ ಮೈಯಲ್ಲಿ ಎಲ್ಲಿ ತನಕ ಏರಿತು ಅಂತ ಕೈಯಿಂದ ತೋರಿಸಲಿ ಅಂದೆ. ಮೊಣಕಾಲು, ಸೊಂಟ, ಎದೆ, ಗಂಟಲು. ಪಂಚಗಂಗಾ ಹೊಳೆ ಉಕ್ಕಿದ್ದು ಕಂಡವರಿಗೆ ಅದನ್ನು ಕಲಿಸಬೇಕಾಗಿರಲಿಲ್ಲ. ಡಾಕ್ಟರು ಒಪ್ಪಿದರು.

ಇಷ್ಟರ ನಂತರ ಬಂದವನು ನೇಕಾರ. ಇಚಲಕರಂಜಿ ಹತ್ತಿರದ ಕೊರೋಚಿಯವನು, ಜೊತೆಗೆ ಹೆಂಡತಿ. ಅವನು ಹುಡುಗನಿದ್ದಾಗಿನಿಂದ ಪವರ್‌ಲೂಮ್ ನಡೆಸಿದ ಶೆಡ್ಡಿನ ಮಾಲಕ ಹಳೆಯ ಮಾಗುಗಳನ್ನೆಲ್ಲ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಲು ನಿಂತಿದ್ದ. ಮಗ್ಗಕ್ಕೆ ನಾವೆಲ್ಲ ಮಾಗು ಅಂತಲೇ ಅನ್ನುವುದು. ಅದಕ್ಕೆ ಇವನು ಕಾಗಲದ ಒಂದು ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಲೆ ಕೆಲಸಕ್ಕೆ ಸೇರಿದ್ದ. ಅಲ್ಲಿ ದಿನಾ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಒಬ್ಬ ಮುಂದೆ ಬಂದು ನಿನ್ನೆ ಏನಾಯಿತು, ಇವತ್ತು ಏನು ಮಾಡುವುದಿದೆ, ಯಾವ ಮಷೀನಿನ ಹತ್ತಿರ ಜೋಕೆಯಿಂದ ಇರಬೇಕು ಅಂತ ನಾಲ್ಕು ಮಾತು ಹೇಳಬೇಕು. ಸರದಿ ಎಲ್ಲರಿಗೂ ಬರುತ್ತದೆ. ಇವನ ಸರದಿ ಬಂದ ದಿನ ಬೇಕಂತಲೇ ತಡಮಾಡಿ ಹೋದ. ಮತ್ತೆ ಸರದಿ ಬಂದಾಗ ಗೇಟಿನ ತನಕ ಹೋಗಿ ತಿರುಗಿ ಬಂದ. ಇನ್ನೊಮ್ಮೆ ತಪ್ಪಿಸಿದರೆ ಬರಲೇಬೇಡ ಅಂತ ಸುಪರ್‌ವೈಸರ್ ಹೇಳಿ ಕಳಿಸಿದ್ದ. ವಾಪಸ್ ಹೋಗಲು ಹಳೆಯ ಶೆಡ್ಡೂ ಉಳಿಯುವಂತಿರಲಿಲ್ಲ.

"ಮಾಗಿನ ಮುಂದ ನಿಂತ್ರ ಹಾಡ್ತಾರ್ರಿ ಇವ್ರು," ಅಂದಳು ಹೆಂಡತಿ. "ಅಲ್ಲಿ ನಾಕ ಮಾತ ಹೇಳು ಅಂದ್ರ ನಾಲಗಿ ಬಿದ್ದ ಹೋಗ್ತೈತಿ."

"ಹಾಡಿದ್ದು ಯಾರಿಗೆ ಕೇಳ್ತೈತಿ?" ಅಂದ ಅವನು, ನೆಲ ನೋಡುತ್ತ.

ಕೇಳಿಸಿಕೊಂಡೆ, ಬಿಟ್ಟೆ. ಆಗ ಆ ಮಾತನ್ನೇ ಹಿಡಿದಿದ್ದರೆ ಎಷ್ಟೋ ತಿರುಗಾಟ ಉಳಿಯುತ್ತಿತ್ತು.

ಮೊದಲ ಮೆಟ್ಟಿಲು, ಚಹಾ ಕುಡಿಯುವ ಮನುಷ್ಯ. ನೇಕಾರನ ಕೈ ನೇರ ಗಂಟಲಿಗೆ ಹೋಯಿತು. ನಾಡಿ ಓಡುತ್ತಿತ್ತು, ಹೆಡ್‌ಸೆಟ್ಟಿನ ಕೆಳಗೆ ಬೆವರು. ಕಿರಾಣಿ ಅಂಗಡಿಯಲ್ಲಿ ಎದೆ. ಬ್ಯಾಂಕಿನಲ್ಲಿ ಸೊಂಟ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬಿಟ್ಟಾಗ ಅವನ ಹೆಗಲು ಇಳಿದವು, ಕೈ ಮೊಣಕಾಲಿನ ಮೇಲೆ ಬಂತು, ನಾಡಿ ಮನೆಯಲ್ಲಿ ಕೂತವನ ನಾಡಿಯಾಯಿತು.

ನಾವು ಮೂವರೂ ಪರದೆ ನೋಡಿದೆವು, ಒಬ್ಬರನ್ನೊಬ್ಬರು ನೋಡಿದೆವು.

"ಚಿಮಟಿಗಿ ಕೆಟ್ಟೈತಿ," ಅಂದ ಎಂಜಿನಿಯರ್. ಬೇರೆ ಬೆರಳಿಗೆ ಹಾಕಿದ, ತನ್ನ ಬೆರಳಿಗೆ ಹಾಕಿಕೊಂಡ, ಕೊನೆಗೆ ಹೊಸದು ತಂದ. ನೇಕಾರನದು ಅದೇ ಉಲ್ಟಾ. ಮೇಲಿನ ಮೆಟ್ಟಿಲಲ್ಲಿ ಅವನು ಕಣ್ಣು ಮುಚ್ಚಿಕೊಳ್ಳುತ್ತಿರಬೇಕು ಅಂತ ಡಾಕ್ಟರಿಗೆ ಸಂಶಯ. ಮುಚ್ಚಿರಲಿಲ್ಲ, ಬಸ್ಸುಗಳ ಬೋರ್ಡು ಓದುತ್ತಿದ್ದ, ನೇಸರಿ ಊರಿನ ಬಸ್ಸು ಹೋಯಿತು ಅಂತ ಹೇಳಿದ. ಜನ ಹತ್ತಿರ ಬಂದರೆ ಅಂಜದೆ, ದೂರ ಕೂತವನಿಗೆ ಅಂಜುತ್ತಾನೋ ಏನೋ ಅಂತ ನಾನು ಚಹಾದವನನ್ನು ಹತ್ತಿರ ಕೂಡಿಸಿ ಮತ್ತೆ ಶೂಟ್ ಮಾಡಿದೆ. ಅದಕ್ಕೂ ಗಂಟಲು. ಗಡಹಿಂಗ್ಲಜದ ಬಳೆ ಅಂಗಡಿಯ ಹೆಣ್ಣುಮಗಳೊಬ್ಬಳು ಇದೇ ನಿಚ್ಚಣಿಕೆಯನ್ನು ನಾವು ಅಂದುಕೊಂಡ ಹಾಗೇ ಏರುತ್ತಿದ್ದಳು. ಅಂದಮೇಲೆ ನಿಚ್ಚಣಿಕೆ ಸರಿ ಇತ್ತು. ಹಾಗಾದರೆ ಇವನು? ಮಾಲು ಸರಿ ಇದೆ, ತಕ್ಕಡಿ ಸರಿ ಇದೆ, ತೂಕ ಮಾತ್ರ ತಪ್ಪು ಬರುತ್ತಿದೆ ಅಂದರೆ ವ್ಯಾಪಾರಿ ಯಾರ ಕೂಡ ಜಗಳಾಡಬೇಕು?

ವಾರದ ರಜೆಯ ದಿನ ಅವನು ಹಳೆಯ ಶೆಡ್ಡಿಗೆ ಹೋಗುತ್ತಾನೆ, ಉಳಿದ ನೂಲು ಮುಗಿಸುತ್ತಿದ್ದಾರೆ ಅಂತ ಹೆಂಡತಿ ಹೇಳಿದ್ದಳು. ನೋಡೋಣ ಅಂತ ಕೊರೋಚಿಗೆ ಹೋದೆ. ಒಳಗೆ ಕಾಲಿಟ್ಟರೆ ಖಡಖಡ ಖಡಖಡ, ನನ್ನ ಮಾತು ನನಗೇ ಕೇಳುವುದಿಲ್ಲ. ಅಲ್ಲಿಯ ನೇಕಾರ ಬೇರೆಯೇ ಮನುಷ್ಯ. ಅತ್ತಲಿಂದ ಒಬ್ಬ ಎರಡು ಬೆರಳು ಮಡಚಿ ತೋರಿಸುತ್ತಾನೆ, ಎಳೆ ಹರಿದಿದೆ ಅಂತ. ಇವನು ಹುಬ್ಬು ಹಾರಿಸಿ ತುಟಿ ಆಡಿಸಿ ಏನೋ ಬೈಯುತ್ತಾನೆ, ಆಚೆಯವನು ಹೊಟ್ಟೆ ಹಿಡಿದು ನಗುತ್ತಾನೆ. ನನ್ನನ್ನು ಕಂಡು ಚಹಾ ಬೇಕೇನು ಅಂತ ಕೈಯಿಂದಲೇ ಕೇಳಿದ. ಇವನಿಗೆ ಜನರ ಅಂಜಿಕೆ ಅಂತ ಯಾರಿಗಾದರೂ ಹೇಳಿದರೆ ನನ್ನನ್ನೇ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಅಷ್ಟರಲ್ಲಿ ಲೈಟು ಹೋಯಿತು. ಮಾಗುಗಳು ಒಂದೊಂದಾಗಿ ಸುಸ್ತಾಗಿ ನಿಂತವು. ಗಂಡಸರು ಕಟ್ಟೆಗೆ ಬಂದು ಕೂತರು, ತಂಬಾಕು ತಿಕ್ಕುತ್ತ ಮಾತು ಶುರುವಾಯಿತು. ನಾನು ಅವನನ್ನು ಹುಡುಕಿದೆ. ಶೆಡ್ಡಿನ ಹಿಂದೆ ನೀರಿನ ಟಾಕಿಯ ಹತ್ತಿರ, ಗೋಡೆಗೆ ಮುಖಮಾಡಿ ನಿಂತು ಕೈ ತೊಳೆಯುತ್ತಿದ್ದ. ಲೈಟು ಬರುವ ತನಕ ತೊಳೆಯುತ್ತಲೇ ಇದ್ದ.

ಮರುದಿನ ಡಾಕ್ಟರಿಗೆ ಹೇಳಿದೆ. ಇವನಿಗೆ ಅಂಜಿಕೆ ಜನರದಲ್ಲ, ಸದ್ದಿಲ್ಲದ ಕಡೆ ತನ್ನ ದನಿ ನಾಲ್ಕು ಮಂದಿಗೆ ಕೇಳುವುದರದು. ನಾವು ಅವನಿಗೆ ನಿಚ್ಚಣಿಕೆ ತಲೆಕೆಳಗು ಮಾಡಿ ಕೊಟ್ಟಿದ್ದೇವೆ, ಮೊದಲ ಕಾಲನ್ನೇ ತುದಿಯ ಮೆಟ್ಟಿಲ ಮೇಲೆ ಇಡಿಸಿದ್ದೇವೆ. ಶೆಡ್ಡಿನ ಸದ್ದಿನಿಂದ ಶುರುಮಾಡೋಣ.

"ಗದ್ದಲಾ ಅವಗ ಕಂಬಳಿ ಇದ್ದಂಗ," ಅಂದರು ಡಾಕ್ಟರು. "ಹೊಚ್ಚಿದ್ರ ಬೆಚ್ಚಗ ಆಗ್ತೈತಿ, ಜ್ವರಾ ಹೋಗೂದಿಲ್ಲ."

"ಜ್ವರದಾಗ ಒಮ್ಮಿಗೇ ಕಂಬಳಿ ಕಸಗೊಂಡ್ರ?"

ಅವರು ಕೇಳಿದರು, "ಶೂಟಿಂಗ್ ಎಲ್ಲಿ ಮಾಡ್ತೀರಿ?"

ಭಂಗಾರದವನ ಟ್ರಕ್ಕು ಬರುವ ದಿನ ಗೊತ್ತಾಗಿತ್ತು. ಮಾಲಕ ನಡೆಯುವ ಮಾಗು ನಿಲ್ಲಿಸಲು ಮೊದಲು ಒಪ್ಪಲಿಲ್ಲ. ನಾನು ಅವನಿಗೆ ಹೇಳಿದೆ, ಮಾರುವ ದಿನ ಭಂಗಾರದವನು ಇದು ನಡೆಯದ ಮಾಗು ಅಂತ ದರ ಮುರಿಯುತ್ತಾನೆ, ನಡೆಯುವುದನ್ನು ನಾನು ವಿಡಿಯೋ ಮಾಡಿ ಕೊಡುತ್ತೇನೆ, ತೋರಿಸು. ಒಪ್ಪಿಬಿಟ್ಟ. ಎದುರಿನವನಿಗೆ ಏನು ಉಪಯೋಗ ಅಂತ ಹುಡುಕದೆ ಚೌಕಾಶಿಗೆ ಕೂಡಬಾರದು. ಕ್ಯಾಮೆರಾವನ್ನು ಶೆಡ್ಡಿನ ನಡುವೆ ಇಟ್ಟೆವು. ಎಂಜಿನಿಯರ್ ಪ್ರತಿ ಮಾಗಿನ ಹತ್ತಿರ ಬೇರೆ ಬೇರೆ ಮೈಕು ಕಟ್ಟಿ, ಒಂದೊಂದನ್ನೇ ನಡೆಸಿ, ಒಂದೊಂದನ್ನೇ ನಿಲ್ಲಿಸಿ ರೆಕಾರ್ಡ್ ಮಾಡಿದ. ಈಗ ನಮ್ಮ ಕೈಯಲ್ಲಿ ಬೇಕಾದ ಮಾಗು ಬೇಕಾದಾಗ ನಿಲ್ಲುತ್ತಿತ್ತು. ಕೊನೆಗೆ ಎಲ್ಲ ನಿಂತು, ಸುತ್ತ ನಿಂತವರು ತಿರುಗಿ ನಿಮ್ಮನ್ನೇ ನೋಡುತ್ತಾರೆ. ನನಗೆ ಭಾಳ ಹೆಮ್ಮೆ ಅನಿಸಿತ್ತು.

ನೇಕಾರ ಹೆಡ್‌ಸೆಟ್ ಹಾಕಿಕೊಂಡ. ಎಲ್ಲ ಮಾಗು ನಡೆಯುವಾಗ ಕೈ ಮೊಣಕಾಲ ಮೇಲೆ, ಸ್ವಲ್ಪ ನಗು ಕೂಡ. ಒಂದು ನಿಲ್ಲಿಸಿದೆವು, ಇನ್ನೊಂದು. ಸೊಂಟ, ಎದೆ. ಅಂದುಕೊಂಡ ಹಾಗೇ ನಡೆದಿದೆ ಅಂತ ಎಂಜಿನಿಯರ್ ನನಗೆ ಕಣ್ಣು ಹೊಡೆದ. ಕಡೆಯ ಮಾಗು ನಿಂತಾಗ ನೇಕಾರ ಹೆಡ್‌ಸೆಟ್ ಕಿತ್ತು ಮೇಜಿನ ಮೇಲಿಟ್ಟು, ಚಪ್ಪಲಿ ಸಹ ಸರಿಯಾಗಿ ಮೆಟ್ಟದೆ ಹೊರಗೆ ಹೋದ. ಮುಂದಿನ ವಾರ ಬರಲಿಲ್ಲ.

ಬಂದವಳು ಹೆಂಡತಿ, ಇಚಲಕರಂಜಿಯ ನನ್ನ ವರ್ಕ್‌ಶಾಪಿಗೇ. ಕೂತುಕೋ ಅಂದರೂ ಕೂಡಲಿಲ್ಲ.

"ಅಕ್ಕಾರ, ನೀವು ಅವ್ರ ಅಂಜಿಕಿ ತಗೀತೀನಿ ಅಂದಿದ್ರಿ. ಅವ್ರ ಮಾಗ ಯಾಕ ಬಂದ ಮಾಡಿ ತೋರಿಸಿದ್ರಿ?"

"ಅದ ಚಿಕಿತ್ಸಾ ಅಲ್ಲೇನ ತಂಗಿ..."

"ಮನಿಗೆ ಬಂದು ಗ್ವಾಡಿ ಕಡೆ ಮಾರಿ ಮಾಡಿ ಅತ್ತಾರ್ರಿ. ಕಡೀಕ ನಿಂತದ್ದು ಅವ್ರದ ಮಾಗ. ಸಪ್ಪಳದಾಗ ಗುರ್ತ ಹಿಡದ್ರಂತ. ಅದು ಅಂಜಿಕಿ ಅಲ್ಲರಿ. ಯಾರರ ಸತ್ತಾಗ ಬರ್ತೈತಲ್ಲ, ಅದು."

ಅವಳು ಹೋದಮೇಲೆ ಆ ದಿನದ ನಾಡಿಯ ಗೆರೆ ತೆಗೆದು ನೋಡಿದೆ. ಪರದೆಯ ಮೇಲೆ ಏರಿದ ಗೆರೆಯಲ್ಲಿ ಅಂಜಿಕೆ ಎಷ್ಟು, ದುಃಖ ಎಷ್ಟು? ನಾಡಿಗೆ ಎರಡೂ ಒಂದೇ. ಡಾಕ್ಟರನ್ನು ಕೇಳಿದರೆ, "ಬೇರ್ಪಡಿಸಿ ಹೇಳಾಕ ನನಗೂ ಬರೂದಿಲ್ಲ," ಅಂದರು. ಅಂಥ ಉತ್ತರ ಡಾಕ್ಟರ ಬಾಯಿಂದ ಬಂದರೆ ಸಮಾಧಾನ ಆಗಬೇಕೋ ಗಾಬರಿಯಾಗಬೇಕೋ ನನಗೆ ಇನ್ನೂ ಗೊತ್ತಿಲ್ಲ. ಹಳೆಯ ನಿಚ್ಚಣಿಕೆ ತಪ್ಪು, ಹೊಸದೂ ತಪ್ಪು. ಎಂಜಿನಿಯರ್ ಈ ಒಬ್ಬನನ್ನು ಬಿಟ್ಟುಬಿಡೋಣ ಅಂದ, ಉಳಿದವರಿಗೆ ಕೆಲಸ ನಡೆದಿದೆಯಲ್ಲ ಅಂದ. ಲೆಕ್ಕಕ್ಕೆ ಅವನ ಮಾತು ಸರಿ. ಆದರೆ ಕಾಗಲದಲ್ಲಿ ಅವನ ಸರದಿ ಮತ್ತೆ ಹತ್ತಿರ ಬರುತ್ತಿತ್ತು.

ಆಗ ನಾನು ಹೇಳಿದೆ: ಮಾಗು ಯಾವಾಗ ನಿಲ್ಲಬೇಕು ಅಂತ ನಾವು ತೀರ್ಮಾನಿಸುವುದು ಬೇಡ. ಶೆಡ್ಡಿನ ಚಿತ್ರವೂ ಬೇಡ. ಕಾರ್ಖಾನೆಯ ಬೆಳಗಿನ ಸಭೆಯನ್ನೇ ತೋರಿಸೋಣ, ಅದರ ಕೆಳಗೆ ಮಾಗಿನ ಸದ್ದು ಇಡೋಣ, ಸದ್ದಿನ ಗುಂಡಿ ಅವನ ಕೈಯಲ್ಲಿ ಕೊಡೋಣ.

"ಅವಾ ಇಳಿಸೂದ ಇಲ್ಲ," ಅಂದರು ಡಾಕ್ಟರು.

"ಇಳಿಸಲಿಲ್ಲಂದ್ರ ನೀವ ಹೇಳಿದ್ದು ಖರೆ ಆಗ್ತೈತಿ. ನಿಮಗೇನ ಲುಕ್ಸಾನ?"

ಬಹಳ ಹೊತ್ತು ಎಳೆದಾಡಿ ಒಂದು ಒಪ್ಪಂದಕ್ಕೆ ಬಂದೆವು. ಗುಂಡಿ ಅವನ ಕೈಯಲ್ಲೇ, ಆದರೆ ಒಂದೇ ಕಡೆ ತಿರುಗಬೇಕು. ಆ ದಿನ ಒಮ್ಮೆ ಇಳಿಸಿದ ಸದ್ದನ್ನು ಮತ್ತೆ ಏರಿಸುವಂತಿಲ್ಲ. ಕಂಬಳಿಯ ಮಾತು ಅವರದೂ ಉಳಿಯಿತು, ನನ್ನದೂ ಉಳಿಯಿತು. ನೇಕಾರನ ಮನೆಗೆ ನಾನೇ ಹೋದೆ. ನಿನ್ನ ಮಾಗು ಎಂದು ತಿಳಿಯದೆ ನಿಲ್ಲಿಸಿದೆವು, ಈಗ ನಿಲ್ಲಿಸುವವನು ನೀನು ಅಂದೆ. ಅವನು ಗುಂಡಿ ಎಷ್ಟು ದೊಡ್ಡದಿರುತ್ತದೆ ಅಂತ ಮಾತ್ರ ಕೇಳಿದ.

ಕಾರ್ಖಾನೆಯವರು ಒಳಗೆ ಶೂಟಿಂಗ್ ಬಿಡಲಿಲ್ಲ. ಗಡಹಿಂಗ್ಲಜದಲ್ಲಿ ಖಾಲಿ ಬಿದ್ದ ಬೆಲ್ಲದ ಗೋದಾಮು ಸಿಕ್ಕಿತು, ತಗಡಿನ ಮಾಡು. ಊರಿನ ಮಂದಿಗೆ ಒಂದೇ ತರಹದ ಅಂಗಿ ಹಾಕಿಸಿ ಸಾಲಾಗಿ ನಿಲ್ಲಿಸಿದೆವು. ಒಬ್ಬ ಆಕಳಿಸುತ್ತಾನೆ, ಒಬ್ಬ ಮೊಬೈಲು ನೋಡುತ್ತಾನೆ, ಇಬ್ಬರು ಪಿಸುಗುಡುತ್ತಾರೆ. ಸುಪರ್‌ವೈಸರ್ ಆದವನು, "ಚಲಾ, ಬೋಲಾ," ಅಂತ ಮರಾಠಿಯಲ್ಲಿ ಮಾತಾಡಲು ಹೇಳಿ ಕೈಕಟ್ಟಿ ನಿಲ್ಲುತ್ತಾನೆ. ಮಾಗಿನ ಸದ್ದಿನಿಂದ ನೇಕಾರ ನಡೆಸುತ್ತಿದ್ದ ಮಾಗನ್ನು ಎಂಜಿನಿಯರ್ ತೆಗೆದುಹಾಕಿದ.

ಮೊದಲ ದಿನ ಅವನು ಗುಂಡಿ ಮುಟ್ಟಲೇ ಇಲ್ಲ. ಪೂರ್ತಿ ಖಡಖಡದಲ್ಲಿ ನಾಲ್ಕು ಮಾತು ಹೇಳಿ ಮುಗಿಸಿದ. ಡಾಕ್ಟರು ನನ್ನ ಕಡೆ ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ. ಎರಡನೆಯ ಸಲ ಕೂದಲೆಳೆಯಷ್ಟು ಇಳಿಸಿದ. ಆಮೇಲೆ ಒಂದು ದಿನ ಅರ್ಧಕ್ಕೆ ತಂದ. ಕೈ ಎದೆಗೆ ಹೋಯಿತು, ಏರಿಸಲು ತಿರುಗಿಸಿ ನೋಡಿದ, ಗುಂಡಿ ತಿರುಗಲಿಲ್ಲ. ಬೈದ. ಆದರೆ ಹೆಡ್‌ಸೆಟ್ ತೆಗೆಯಲಿಲ್ಲ. ಅಲ್ಲೇ ನಿಂತ, ಮಾತಾಡಿದ, ನಿಂತ ಹಾಗೇ ಕೈ ಎದೆಯಿಂದ ಸೊಂಟಕ್ಕೆ ಇಳಿಯಿತು. ಅದರ ಮುಂದಿನ ಸಲ ಮತ್ತೆ ಗಂಟಲು, ಯಾಕೆ ಅಂತ ತಿಳಿಯಲಿಲ್ಲ. ನೆಟ್ಟಗೆ ಇಳಿದ ಗೆರೆ ನಮಗೆ ಒಂದು ದಿನವೂ ಸಿಗಲಿಲ್ಲ. ಇದೇ ಉಪಾಯವನ್ನು ಬಳೆ ಅಂಗಡಿಯವಳಿಗೂ ಮಾಡಿದರೆ, "ಈ ಸಪ್ಪಳಾ ತಗೀರಿ ಮೊದಲ, ತಲಿ ಸಿಡ್ಯಾಕತ್ತೈತಿ," ಅಂದಳು. ಪೂರ್ತಿ ಮೌನದ ತನಕ ನೇಕಾರ ಯಾವತ್ತೂ ಇಳಿಸಲಿಲ್ಲ. ತಳದಲ್ಲಿ ಒಂದಿಷ್ಟು ಸದ್ದು ಉಳಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸರದಿ ಬಂದೇಬಿಟ್ಟಿತು.

"ತಯಾರ ಇದ್ದಾನೇನ್ರಿ?" ಅಂತ ನಾನು ಡಾಕ್ಟರನ್ನು ಕೇಳಿದೆ.

"ಗೊತ್ತಿಲ್ಲ," ಅಂದರು.

ಆ ದಿನ ನಾನು ಕೊಲ್ಹಾಪುರದಲ್ಲಿ ಯಾವುದೋ ಫ್ಲ್ಯಾಟು ಶೂಟ್ ಮಾಡುತ್ತಿದ್ದೆ, ಏನು ಶೂಟ್ ಮಾಡಿದೆ ಅಂತ ನೆನಪಿಲ್ಲ. ಫೋನು ಬರಲಿಲ್ಲ. ನಾನಾಗಿ ಮಾಡಲು ಧೈರ್ಯ ಆಗಲಿಲ್ಲ. ರಜೆಯ ದಿನ ಅವನೇ ವರ್ಕ್‌ಶಾಪಿಗೆ ಬಂದ, ಒಬ್ಬನೇ. ಬಾಗಿಲಲ್ಲಿ ನಿಂತ. ನಾನು ಕುರ್ಚಿ ತೋರಿಸಿದೆ.

"ಹೇಳಿದ್ನಿರಿ," ಅಂದ.

"ಪೂರ್ತಿ?"

"ಎರಡ ಸಲ. ಮೊದಲ್ನೇ ಸಲಾ ಹಿಂದಿನ ಸಾಲಿನವ್ರು ಕೇಳಸವಲ್ದು ಅಂದ್ರು. ಮಂದಿ ನಕ್ರು. ಓಡ ಹೋಗಬೇಕು ಅನಿಸ್ತು. ಗೇಟ ಕಾಣ್ತಿತ್ತು ಅಲ್ಲಿಂದ."

"ಮತ್ತ?"

"ಮತ್ತ ಮೊದಲಿಂದ ಹೇಳಿದ್ನಿ."

ಸುಪರ್‌ವೈಸರ್ ಮಷೀನಿಗೆ ಹೋಗು ಅಂತ ಕೈ ಮಾಡಿದನಂತೆ. ಕೆಲಸ ಇದೆ. ನಾನು ನನಗೆ ಬೇಕಾದದ್ದನ್ನು ಕೇಳಿದೆ. ಡಾಕ್ಟರಿಗೂ ಅದೇ ಬೇಕಾಗಿತ್ತು, ಮುಂದೆ ಯಾರಿಗೆ ಏನು ಮಾಡಬೇಕು ಅಂತ ತಿಳಿಯಲಿಕ್ಕಾದರೂ. ಎರಡನೆಯ ಸಲ ಹೇಳುವಾಗ ಮನಸ್ಸಿನಲ್ಲಿ ಮಾಗಿನ ಸದ್ದು ತಂದುಕೊಂಡೆಯಾ, ಗುಂಡಿ ತಿರುಗಿಸಿದ ಹಾಗೆ ಏನಾದರೂ?

ಅವನು ಯೋಚನೆ ಮಾಡಿದ. ನನಗೆ ಖುಷಿಯಾಗಲಿ ಅಂತ ಹೌದು ಅನ್ನಬಹುದಿತ್ತು.

"ಇಲ್ಲರಿ ಅಕ್ಕಾರ," ಅಂದ. "ಏನೂ ಸಪ್ಪಳ ಇರಲಿಲ್ಲ. ಯಾರೋ ಒಬ್ಬಾಂವ ಕೆಮ್ಮಿದ್ದು ಸೈತ ಕೇಳ್ತು."